ಗಜಕರ್ಣ

ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿರುವ ಚರ್ಮವ್ಯಾಧಿಯು, ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಟಿನ್ ಎಂಬ ಗಡಸು ಪ್ರೋಟೀನನ್ನು ಆಹಾರವಾಗಿ ಮಾಡಿಕೊಂಡು ಬದುಕುವ ಸೂಕ್ಷ್ಮ ಶಿಲೀಂಧ್ರಗಳಿಂದ ಉಂಟಾಗತಕ್ಕದ್ದು. ಟ್ರೈಕೊಫೈಟನ್, ಮೈಕ್ರೋಸ್ಪೋರಮ್, ಎಪಿಡರ್ಮೊಫೈಟನ್ ಎಂಬ ಮೂರು ಕುಲಗಳಿಗೆ ಮುಖ್ಯವಾಗಿ ಸೇರಿದ ಈ ಶಿಲೀಂಧ್ರಗಳು ಸಾಮಾನ್ಯವಾಗಿ ಚರ್ಮದ ಅತ್ಯಂತ ಹೊರಗಿನ ನಿರ್ಜೀವ ಪದರದಲ್ಲಿಯೇ ನೆಲೆಸುತ್ತವೆ; ರಕ್ತವನ್ನಾಗಲಿ ಒಳಗಿನ ಅಂಗಾಂಗಗಳನ್ನಾಗಲಿ ಪ್ರವೇಶಿಸುವುದು ತೀರ ವಿರಳ. ಪ್ರಾಣಾಪಾಯವಿಲ್ಲವೆಂಬ ಈ ಒಂದು ಕಾರಣದಿಂದ ಇದನ್ನು ಅಲ್ಪವ್ಯಾಧಿಯೆಂದು ಎಣಿಸಿ, ವೈದ್ಯನ ಬಳಿಗೆ ಹೋಗದೆ ಔಷಧದಂಗಡಿಯ ಒಂದು ಟ್ಯೂಬಿನಿಂದಲೇ ತೀರಿಸಿಕೊಳ್ಳುವ ರೂಢಿ ಬೆಳೆಯಿತು. ಕೆಲವು ವಾರಗಳಲ್ಲಿ ವಾಸಿಯಾಗುತ್ತಿದ್ದ ರೋಗವು ಇಂದು ಭಾರತದಾದ್ಯಂತ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಬಿಡದೆ ಕಾಡುವಂತಾಗಿರುವುದರಲ್ಲಿ ಈ ರೂಢಿಯ ಪಾಲು ದೊಡ್ಡದು.

ಮೊದಲು ಕಾಣುವುದು ತುರಿಸುವ ಒಂದು ಸಣ್ಣ ಕೆಂಪು ಮಚ್ಚೆ. ಶಿಲೀಂಧ್ರವು ನಡುವಿನಿಂದ ಎಲ್ಲ ದಿಕ್ಕುಗಳಿಗೂ ಸಮನಾಗಿ ಹಬ್ಬುತ್ತ ಹೋದಂತೆ ಮಚ್ಚೆ ಅಗಲವಾಗಿ, ಮಧ್ಯಭಾಗ ತಿಳಿಯಾಗಿ, ಸಣ್ಣ ಗುಳ್ಳೆಗಳಿಂದಲೂ ಹೊಟ್ಟಿನಿಂದಲೂ ಕೂಡಿದ ಉಬ್ಬಿದ ಅಂಚೊಂದು ಬಳೆಯಂತೆ ಸುತ್ತುವರಿಯುತ್ತದೆ. ರೋಗವು ಜೀವಂತವಾಗಿರುವುದು ಈ ಅಂಚಿನಲ್ಲಿಯೇ. ತೊಡೆಯ ಸಂದು, ಪೃಷ್ಠ, ಕಂಕುಳು, ಸ್ತನಗಳ ಕೆಳಭಾಗ, ಕಾಲ್ಬೆರಳುಗಳ ನಡುವೆ, ಅಂದರೆ ಬೆವರು ಆರದೆ ನಿಲ್ಲುವೆಡೆಗಳಲ್ಲಿ, ಇದು ಹೆಚ್ಚು. ಸೊಂಟದ ಸುತ್ತಲೂ ಹಬ್ಬಿದ ಗಜಕರ್ಣದಲ್ಲಿ ಅನುಭವಿಯಾದ ಚರ್ಮವೈದ್ಯನು ಮೊದಲು ನೋಡುವುದು ಉಡಿದಾರವನ್ನು. ಸ್ನಾನದ ಬಳಿಕ ಮೈಯೊರಸಿಕೊಂಡರೂ ನೂಲಿನ ಉಡಿದಾರ ಬಹಳ ಹೊತ್ತು ಒದ್ದೆಯಾಗಿಯೇ ಉಳಿದು, ಚರ್ಮದಿಂದ ಉದುರಿದ ಹೊಟ್ಟನ್ನೂ ಅದರೊಡನೆ ಶಿಲೀಂಧ್ರವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೀರೆಯ ಲಂಗದ ಲಾಡಿಯೂ ಹಾಗೆಯೇ. ಉಡಿದಾರವನ್ನು ತೆಗೆಯಲು ಒಪ್ಪದ ರೋಗಿಗೆ ಎಷ್ಟು ಔಷಧ ಕೊಟ್ಟರೂ ಅದೇ ಗೆರೆಯಲ್ಲಿ ರೋಗ ಮರುಕಳಿಸುವುದನ್ನು ಕಾಣಬಹುದು. ಕರಾವಳಿಯ ಮಳೆಗಾಲದಂತಹ ಆರ್ದ್ರ ಹವೆಯೂ, ಬಿಗಿಯಾದ ಜೀನ್ಸ್ ಮೊದಲಾದ ಉಡುಪುಗಳೂ ರೋಗಕ್ಕೆ ಅನುಕೂಲಕರ.

ಸೂಕ್ಷ್ಮಜೀವಿಯೊಂದು ಮನುಷ್ಯನಲ್ಲಿ ರೋಗವನ್ನುಂಟುಮಾಡಬಲ್ಲದೆಂಬ ಸತ್ಯವು ಮೊತ್ತಮೊದಲು ಸ್ಪಷ್ಟವಾದ ಕ್ಷೇತ್ರಗಳಲ್ಲಿ ಈ ವರ್ಗದ ರೋಗಗಳೂ ಒಂದೆಂಬುದು ಅನೇಕರಿಗೆ ವಿದಿತವಿಲ್ಲ. ರಾಬರ್ಟ್ ಕಾಖ್ ಕ್ಷಯದ ದಂಡಾಣುವನ್ನು ಪ್ರಕಟಿಸಿದ್ದು 1882ರಲ್ಲಿ. ಅದಕ್ಕೆ ನಾಲ್ಕು ದಶಕಗಳ ಮೊದಲೇ, 1841ರಲ್ಲಿ, ಪ್ಯಾರಿಸ್ಸಿನಲ್ಲಿದ್ದ ಹಂಗೆರಿಯ ವೈದ್ಯ ಡೇವಿಡ್ ಗ್ರೂಬಿ, ನೆತ್ತಿಯ ಫೇವಸ್ ಎಂಬ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ತೋರಿಸಿದ್ದನು. ಫ್ರಾನ್ಸಿನ ರೇಮಂಡ್ ಸಬುರೋ 1910ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಈ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಆತನ ಹೆಸರಿನ ಪೋಷಕ ಮಾಧ್ಯಮದಲ್ಲಿಯೇ ಪ್ರಯೋಗಾಲಯಗಳು ಇಂದಿಗೂ ಶಿಲೀಂಧ್ರಗಳನ್ನು ಬೆಳೆಸುತ್ತವೆ. ಚಿಕಿತ್ಸೆಗಾಗಿ ನಮ್ಮ ಕಡೆ ಹಿಂದೆ ಸೀಮೆ ಅಗಸೆಯ ಸೊಪ್ಪನ್ನು ಅರೆದು ಹಚ್ಚುತ್ತಿದ್ದರು. ಪಶ್ಚಿಮ ಕರಾವಳಿಯಲ್ಲಿ ಗೋವಾ ಪುಡಿಯೆಂದು ಮಾರಾಟವಾಗುತ್ತಿದ್ದ ಔಷಧವು ವಾಸ್ತವವಾಗಿ ಬ್ರೆಜಿಲ್ ದೇಶದ ಅರರೋಬಾ ಮರದಿಂದ ದೊರೆತು ಪೋರ್ತುಗೀಜರ ಮೂಲಕ ಬಂದದ್ದು. ಇಂಗ್ಲೆಂಡಿನ ಚರ್ಮವೈದ್ಯ ವಿಟ್‌ಫೀಲ್ಡನ ಮುಲಾಮು ಶೇಕಡ 6 ಬೆಂಜೋಯಿಕ್ ಆಮ್ಲ, ಶೇಕಡ 3 ಸ್ಯಾಲಿಸಿಲಿಕ್ ಆಮ್ಲಗಳ ಸರಳ ಮಿಶ್ರಣ. ಅಗ್ಗವಾದುದೂ ನಂಬತಕ್ಕದ್ದೂ ಆದ ಇದು ಇಂದೂ ಬಳಕೆಯಲ್ಲಿದೆ. ಬಾಯಿಯಿಂದ ಸೇವಿಸುವ ಮೊದಲ ಪರಿಣಾಮಕಾರಿ ಔಷಧವಾದ ಗ್ರೈಸಿಯೋಫಲ್ವಿನ್ 1939ರಲ್ಲಿ ಬೇರ್ಪಡಿಸಲ್ಪಟ್ಟರೂ ಚಿಕಿತ್ಸೆಗೆ ಒದಗಿದ್ದು 1958ರ ಸುಮಾರಿಗೆ.

ಇನ್ನು ರೋಗವು ಬಿಡದೆ ಕಾಡುವ ಇಂದಿನ ಅನರ್ಥದ ಮೂಲವನ್ನು ಹೇಳಬೇಕು. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮಕ್ಕೆ ಲೇಪಿಸಿ ಇಸಬು ಮೊದಲಾದ ಉರಿಯೂತಗಳಲ್ಲಿ ಗುಣ ಕಂಡಾಗ ಚರ್ಮವೈದ್ಯದಲ್ಲಿ ಹೊಸ ಯುಗವೇ ಆರಂಭವಾಯಿತು. ಸ್ಟೀರಾಯ್ಡ್ ಲೇಪಗಳು ಯೋಗ್ಯ ರೋಗದಲ್ಲಿ, ಯೋಗ್ಯ ಅವಧಿಗೆ, ಅಮೂಲ್ಯವಾದವು. ಆದರೆ ಕ್ಲೊಬೆಟಸಾಲಿನಂತಹ ಅತಿ ಪ್ರಬಲ ಸ್ಟೀರಾಯ್ಡನ್ನು ಶಿಲೀಂಧ್ರನಾಶಕದೊಡನೆಯೂ ಜೀವಿರೋಧಕದೊಡನೆಯೂ ಬೆರೆಸಿ, ಎಲ್ಲ ತುರಿಕೆಗೂ ಒಂದೇ ಮದ್ದೆಂಬಂತೆ ಮಾರಿದ ಮುಲಾಮುಗಳು ಮಾಡಿದ ಹಾನಿ ಅಷ್ಟಿಷ್ಟಲ್ಲ. ಸ್ಟೀರಾಯ್ಡು ಶರೀರದ ಪ್ರತಿರೋಧವನ್ನು ಅಡಗಿಸುವುದರಿಂದ ಎರಡು ಮೂರು ದಿನಗಳಲ್ಲಿ ಕೆಂಪೂ ತುರಿಕೆಯೂ ಇಳಿದು, ರೋಗ ವಾಸಿಯಾಯಿತೆಂದು ರೋಗಿ ನಂಬುತ್ತಾನೆ. ಶಿಲೀಂಧ್ರವಾದರೋ ಅಡ್ಡಿಯಿಲ್ಲದೆ ಹಬ್ಬುತ್ತಿರುತ್ತದೆ. ಮುಲಾಮು ನಿಲ್ಲಿಸಿದೊಡನೆ ತುರಿಕೆ ಇಮ್ಮಡಿಯಾಗಿ ಮರಳುತ್ತದೆ, ಮತ್ತೆ ಅದೇ ಟ್ಯೂಬು ಬರುತ್ತದೆ. ಬಳೆಯಾಕಾರ ಅಳಿದು, ಒಂದರೊಳಗೊಂದು ಉಂಗುರಗಳೆದ್ದು, ನುರಿತ ಕಣ್ಣಿಗೂ ಗುರುತು ಸಿಗದಂತಹ ರೂಪವನ್ನು ರೋಗವು ತಾಳುತ್ತದೆ. ತೊಡೆಯ ಚರ್ಮ ತೆಳುವಾಗಿ ಸೀಳಿದಂತಹ ಪಟ್ಟೆಗಳು ಮೂಡಿದರೆ ಅವು ಜೀವಮಾನವಿಡೀ ಉಳಿಯುವಂಥವು. ಬಂಗು, ಮೊಡವೆ, ಬಿಳುಪಿನ ಆಸೆಗಳಿಗಾಗಿ ಇಂತಹ ಲೇಪವನ್ನು ಮುಖಕ್ಕೆ ಹಚ್ಚಿಕೊಂಡ ಯುವತಿಯರ ಕಷ್ಟವಂತೂ ಹೇಳತೀರದು: ಬಿಸಿಲು ಸೋಕಿದರೆ ಉರಿ, ಕೆನ್ನೆಯಲ್ಲಿ ರಕ್ತನಾಳಗಳ ಕೆಂಪು ಜಾಲ, ಮೊಡವೆಯ ರಾಶಿ, ಬೇಡದ ರೋಮ. 2018ರಲ್ಲಿ ಕೇಂದ್ರ ಸರ್ಕಾರವು ಅನೇಕ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳು ಉಳಿದೇ ಇವೆ.

ಇದರ ಜೊತೆಗೆ ಶಿಲೀಂಧ್ರವೇ ಬದಲಾಗಿದೆ. ಟರ್ಬಿನಾಫಿನ್ ಎಂಬ ಔಷಧವು ಶಿಲೀಂಧ್ರದ ಕೋಶಪೊರೆಗೆ ಅವಶ್ಯವಾದ ವಸ್ತುವಿನ ತಯಾರಿಕೆಯನ್ನು, ಅದಕ್ಕೆ ಬೇಕಾದ ಕಿಣ್ವವನ್ನು ತಡೆಹಿಡಿಯುವ ಮೂಲಕ ನಿಲ್ಲಿಸುತ್ತದೆ. ಆ ಕಿಣ್ವದ ಜೀನಿನಲ್ಲಿ ವ್ಯತ್ಯಾಸ ಹೊಂದಿ ಔಷಧಕ್ಕೆ ಬಗ್ಗದ ತಳಿಗಳು ಭಾರತದಲ್ಲಿ ವ್ಯಾಪಕವಾಗಿವೆ. 2020ರಲ್ಲಿ ಜಪಾನಿನ ಸಂಶೋಧಕರು ಇಂತಹ ತಳಿಗಳುಳ್ಳ ಪ್ರಭೇದಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಯುರೋಪು, ಅಮೆರಿಕಗಳಲ್ಲಿಯೂ ಅದು ಈಗ ಕಾಣಿಸಿಕೊಂಡಿದೆ.

ಸಣ್ಣದಾದ, ಹೊಸದಾದ ಒಂದೆರಡು ಮಚ್ಚೆಗಳಿಗೆ ಸ್ಟೀರಾಯ್ಡ್ ಬೆರೆಯದ ಶಿಲೀಂಧ್ರನಾಶಕ ಲೇಪವು ಸಾಕಾಗಬಹುದು. ಅದನ್ನು ಅಂಚಿನಿಂದ ಎರಡು ಬೆರಳು ಹೊರಗಿನಿಂದಾರಂಭಿಸಿ ಒಳಮುಖವಾಗಿ ಹಚ್ಚಿ, ಮಚ್ಚೆ ಮಾಯವಾದ ಮೇಲೆಯೂ ಎರಡು ವಾರ ಮುಂದುವರಿಸಬೇಕು. ಹೊರಚರ್ಮ ಪೂರ್ತಿಯಾಗಿ ಹೊಸದಾಗಲು ಸುಮಾರು ನಾಲ್ಕು ವಾರ ಹಿಡಿಯುವುದರಿಂದ ಆತುರಕ್ಕೆ ಇಲ್ಲಿ ಎಡೆಯಿಲ್ಲ. ಮೈಯನ್ನು ಚೆನ್ನಾಗಿ ಆರಿಸಿಕೊಂಡು ಸಡಿಲವಾದ ಹತ್ತಿಯ ಬಟ್ಟೆ ಧರಿಸುವುದು, ಒಳ ಉಡುಪನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಟವೆಲು ಹಾಸಿಗೆಗಳನ್ನು ಹಂಚಿಕೊಳ್ಳದಿರುವುದು, ತುರಿಕೆಯಿರುವ ಮನೆಯವರೆಲ್ಲರೂ ಏಕಕಾಲಕ್ಕೆ ಚಿಕಿತ್ಸೆ ಪಡೆಯುವುದು, ಇವು ಔಷಧದಷ್ಟೇ ಮುಖ್ಯ.

ಎರಡು ವಾರದಲ್ಲಿ ತಗ್ಗದಿದ್ದರೆ, ಮೈಯ ಹಲವೆಡೆ ಹಬ್ಬಿದ್ದರೆ, ಗುಣವಾಗಿ ಮತ್ತೆ ಮರಳಿದರೆ, ಮುಖದಲ್ಲಿಯೋ ಉಗುರಿನಲ್ಲಿಯೋ ಕಾಣಿಸಿದರೆ, ಸ್ಟೀರಾಯ್ಡ್ ಮುಲಾಮನ್ನು ಈಗಾಗಲೇ ಹಚ್ಚಿದ್ದರೆ, ರೋಗಿಯು ಮಧುಮೇಹಿಯೋ ಗರ್ಭಿಣಿಯೋ ಹಸುಗೂಸೋ ಆಗಿದ್ದರೆ ಚರ್ಮವೈದ್ಯನನ್ನು ಕಾಣಲೇಬೇಕು. ಮಕ್ಕಳ ನೆತ್ತಿಯ ರೋಗಕ್ಕೆ ಲೇಪವೊಂದೇ ಸಾಲದು, ಬಾಯಿಯಿಂದ ಔಷಧ ಅವಶ್ಯ; ಕೂದಲುದುರಿ ಕೀವುಗಟ್ಟಿದ ಮೆತ್ತನೆಯ ಊತವೆದ್ದಾಗ ಅದನ್ನು ಕುರುವೆಂದು ಬಗೆದು ಕೊಯ್ಯಿಸುವುದು ತಪ್ಪು, ಚಿಕಿತ್ಸೆ ತಡವಾದರೆ ಅಲ್ಲಿ ಕೂದಲು ಶಾಶ್ವತವಾಗಿ ಹೋಗಬಹುದು. ವೈದ್ಯನು ಅಂಚಿನ ಹೊಟ್ಟನ್ನು ಮೊಂಡು ಅಲಗಿನಿಂದ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಶೇಕಡ 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯುತ್ತಾನೆ. ಚರ್ಮದ ಕೋಶಗಳು ಕರಗಿ ತಿಳಿಯಾದಾಗ ಸೂಕ್ಷ್ಮದರ್ಶಕದಲ್ಲಿ ಕವಲೊಡೆದ, ಗೆಣ್ಣುಗೆಣ್ಣಾದ ಎಳೆಗಳು ಗೋಚರಿಸುತ್ತವೆ. ಮಾತ್ರೆಯ ಆಯ್ಕೆ, ಪ್ರಮಾಣ, ಅವಧಿಗಳನ್ನು ಯಕೃತ್ತಿನ ಸ್ಥಿತಿಯನ್ನೂ ಇತರ ಔಷಧಗಳನ್ನೂ ಗಮನಿಸಿ ನಿರ್ಧರಿಸಬೇಕಾದ್ದರಿಂದ ನೆರೆಯವರ ಚೀಟಿಯನ್ನು ಅನುಸರಿಸುವುದು ಸಲ್ಲದು.

ದುಂಡಗಿನ ಮಚ್ಚೆಗಳೆಲ್ಲ ಗಜಕರ್ಣವಲ್ಲ. ಸೋರಿಯಾಸಿಸ್, ಇಸಬು ಮೊದಲಾದವೂ ಇದನ್ನು ಹೋಲುತ್ತವೆ. ಆದರೆ ಅತ್ಯಂತ ಎಚ್ಚರದಿಂದ ಬೇರ್ಪಡಿಸಬೇಕಾದುದು ಕುಷ್ಠರೋಗ. ಮಚ್ಚೆ ತುರಿಸದೆ, ಅಲ್ಲಿ ಬೆವರೂ ಬಾರದೆ, ಹತ್ತಿಯ ಎಳೆ ಸೋಕಿದರೂ ತಿಳಿಯದೆ ಜೋಮು ಹಿಡಿದಿದ್ದರೆ ಮುಲಾಮು ಹಚ್ಚುತ್ತ ಕಾಲ ಕಳೆಯಬಾರದು. ಕುಷ್ಠರೋಗದ ಬಹುಔಷಧ ಚಿಕಿತ್ಸೆಯು ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಯನ್ನನುಸರಿಸಿ ಅವಧಿಯು 6 ಅಥವಾ 12 ತಿಂಗಳು.