ಹಸಿರು ಕಚೇರಿಯ ಲೆಕ್ಕ: ಫಲಕದಿಂದ ಮೀಟರಿನವರೆಗೆ

ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಈಗ ಪರಿಸರಕ್ಕೆಂದೇ ಹತ್ತಾರು ಪುಟಗಳಿರುತ್ತವೆ. ಷೇರುಪೇಟೆಯ ಮೊದಲ 1000 ಕಂಪನಿಗಳು ಇಂಥ ವಿವರ ಕೊಡುವುದನ್ನು ಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದ ಮೇಲೆ ಆ ಪುಟಗಳು ಇನ್ನಷ್ಟು ಬೆಳೆದಿವೆ. ಅವುಗಳ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬೇರೂರಿದೆ. ಗೋಡೆಗೆ ಪ್ರಮಾಣಪತ್ರದ ಫಲಕ, ಆವರಣಕ್ಕೆ ಒಂದಷ್ಟು ಸಸಿ, ಹೊರಗಿನಿಂದ ಕೊಂಡ ಇಂಗಾಲದ ಕ್ರೆಡಿಟ್ ಇವಿಷ್ಟು ಕೂಡಿದರೆ ಕಚೇರಿ ಹಸಿರಾಯಿತು ಎಂಬುದೇ ಆ ತಿಳಿವಳಿಕೆ. ಹಸಿರು ಕಟ್ಟಡಗಳ ಕ್ಷೇತ್ರ ನಡೆದುಬಂದ ಐವತ್ತು ವರ್ಷಗಳ ದಾರಿಯನ್ನು ನೋಡಿದರೆ ಸಿಗುವ ಪಾಠ ಬೇರೆ. ಕಟ್ಟಡ ಎಷ್ಟು ವಿದ್ಯುತ್ತು, ಎಷ್ಟು ನೀರು ಕುಡಿಯಿತು ಎಂದು ಅಳೆದು, ಆ ಅಂಕಿಯನ್ನು ಮುಂದಿನ ಕಟ್ಟಡದ ವಿನ್ಯಾಸಕ್ಕೆ ಆಧಾರ ಮಾಡಿಕೊಂಡ ಕಡೆಗಳಲ್ಲಿ ತಲಾ ಹೊರೆ ಇಳಿದಿದೆ. ಅಳತೆ ನಿಂತ ಕಡೆ ಸುಧಾರಣೆಯೂ ನಿಂತಿದೆ.

ಮೊದಲ ಹಂತವನ್ನು ಬೇಗ ಹೇಳಿ ಮುಗಿಸಬಹುದು. 1973ರ ತೈಲ ಬಿಕ್ಕಟ್ಟು ಪಶ್ಚಿಮದ ದೇಶಗಳಿಗೆ ಕಟ್ಟಡಗಳ ಇಂಧನ ಬಳಕೆಯ ಬಗ್ಗೆ ಎಚ್ಚರ ಮೂಡಿಸಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಮಣ್ಣಿನ ಒತ್ತು ಇಟ್ಟಿಗೆಯಂಥ ಕಡಿಮೆ ಇಂಧನದ ಸಾಮಗ್ರಿಗಳ ಮೇಲೆ ಗಂಭೀರ ಸಂಶೋಧನೆ ನಡೆಸಿತು. ಬ್ರಿಟನ್ನಿನಲ್ಲಿ 1990ರಲ್ಲಿ ಬ್ರೀಮ್, ಅಮೆರಿಕದಲ್ಲಿ ದಶಕದ ಕೊನೆಯ ಹೊತ್ತಿಗೆ ಲೀಡ್ ಎಂಬ, ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಪದ್ಧತಿಗಳು ಬಂದವು. ಅದೇ ಹೊತ್ತಿಗೆ ನಮ್ಮಲ್ಲಿ ಉದಾರೀಕರಣದ ಬೆನ್ನಿಗೆ ಗಾಜಿನ ಗೋಡೆಯ ಕಚೇರಿಗಳು ಎದ್ದವು. ವರ್ಷದ ಬಹುಪಾಲು ಕಿಟಕಿ ತೆರೆದು ಕೂರಬಹುದಾದ ಬೆಂಗಳೂರಿನಲ್ಲಿ ಗಾಜಿನ ಮೂಲಕ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಅದನ್ನು ಹೊರಗಟ್ಟಲು ತಂಪುಯಂತ್ರ, ಅಂದರೆ ಚಿಲ್ಲರ್, ಓಡಿಸುವ ಪದ್ಧತಿ ಆಗ ಶುರುವಾಯಿತು. ಅದು ಹವಾಮಾನವನ್ನು ಕಡೆಗಣಿಸಿದ ವಾಸ್ತುಶಿಲ್ಪ. ಅದರ ಬಿಲ್ಲನ್ನು ನಗರ ಇಂದಿಗೂ ಕಟ್ಟುತ್ತಿದೆ. ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ಅವರು ಇಂಧನ ಸಂಶೋಧನೆಯ ಟೆರಿ ಸಂಸ್ಥೆಗಾಗಿ ವಿನ್ಯಾಸಗೊಳಿಸಿದ ಕಚೇರಿ ಇದಕ್ಕೆ ಉತ್ತರದಂತಿತ್ತು. ನಿವೇಶನದ ದಕ್ಷಿಣಕ್ಕೆ ದುರ್ನಾತದ ಚರಂಡಿ ಇದ್ದುದರಿಂದ ಆ ಬದಿಯನ್ನು ಕಡಪ ಕಲ್ಲಿನ ಜೋಡಿ ಗೋಡೆಯಿಂದ ಮುಚ್ಚಲಾಯಿತು. ಬಿಸಿಲಿಗೆ ಕಾದ ಗೋಡೆಯ ಸಂದಿನಲ್ಲಿ ಗಾಳಿ ಮೇಲೇರಿದಂತೆ ಕಟ್ಟಡದೊಳಗಿನ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಇಷ್ಟು ಸರಳವಾದ ಉಪಾಯ ಕಣ್ಣೆದುರಿಗೇ ಇದ್ದರೂ ನಗರದ ಟೆಕ್ ಪಾರ್ಕ್‌ಗಳು ಅದರತ್ತ ತಿರುಗಲಿಲ್ಲ.

ಎರಡನೆಯ ಹಂತ ಪ್ರಮಾಣಪತ್ರಗಳದು. ಹೈದರಾಬಾದಿನ ಸೊರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರ ಅಮೆರಿಕದ ಹೊರಗೆ ಲೀಡ್‌ನ ಅತ್ಯುನ್ನತ ದರ್ಜೆಯಾದ ಪ್ಲಾಟಿನಂ ಪಡೆದ ಮೊದಲ ಕಟ್ಟಡವಾಯಿತು. 2004ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ. 2007ರಲ್ಲಿ ಇಂಧನ ದಕ್ಷತಾ ಬ್ಯೂರೋ ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂಹಿತೆ ರೂಪಿಸಿತು. ಟೆರಿ ಮತ್ತು ಕೇಂದ್ರ ಸರ್ಕಾರ ಸೇರಿ ಗೃಹ ಎಂಬ ದೇಶೀ ಶ್ರೇಯಾಂಕ ಕೊಟ್ಟವು. ಈ ಹಂತದ ಋಣ ದೊಡ್ಡದು. ದಕ್ಷ ಚಿಲ್ಲರ್, ಒಳ್ಳೆಯ ಗಾಜು, ಚಾವಣಿಯ ಶಾಖನಿರೋಧಕ, ಶುದ್ಧೀಕರಿಸಿದ ನೀರಿಗೆ ಪ್ರತ್ಯೇಕ ಪೈಪು ಇವೆಲ್ಲ ಮಾರುಕಟ್ಟೆಗೆ ಬಂದದ್ದು ಇದರಿಂದಲೇ. ಆದರೆ ಪ್ರಮಾಣಪತ್ರ ಕಟ್ಟಡದ ನಕ್ಷೆಯನ್ನೂ ಕಂಪ್ಯೂಟರ್ ಅಂದಾಜನ್ನೂ ನೋಡಿ ಅಂಕ ಕೊಡುತ್ತಿತ್ತು. ಜನ ಬಂದು ಕುಳಿತ ಮೇಲೆ ಏನಾಯಿತು ಎಂದು ಕೇಳುತ್ತಿರಲಿಲ್ಲ. ಅಮೆರಿಕದ ನ್ಯೂ ಬಿಲ್ಡಿಂಗ್ಸ್ ಇನ್‌ಸ್ಟಿಟ್ಯೂಟ್ 2008ರಲ್ಲಿ 121 ಲೀಡ್ ಕಟ್ಟಡಗಳ ನಿಜವಾದ ಬಳಕೆಯನ್ನು ಪರಿಶೀಲಿಸಿದಾಗ ಸರಾಸರಿಯಲ್ಲಿ ಉಳಿತಾಯ ಕಂಡಿತು. ಆದರೆ ಅರ್ಧಕ್ಕಿಂತ ಹೆಚ್ಚು ಕಟ್ಟಡಗಳ ಬಳಕೆ ಅಂದಾಜಿಗಿಂತ ಶೇ 25ಕ್ಕೂ ಮೀರಿ ಅತ್ತಿತ್ತ ಇತ್ತು. ಸರಾಸರಿಯನ್ನು ಹಿಡಿದುಕೊಂಡವರು ಈ ಎರಡನೆಯ ಸಂಗತಿಯನ್ನು ಮರೆತರು.

ಮೂರನೆಯ ಹಂತ ಕರ್ನಾಟಕದ ಓದುಗರಿಗೆ ಹತ್ತಿರದ್ದು. ಅದಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ. 2008ರ ಹೊತ್ತಿಗೆ ಇನ್ಫೊಸಿಸ್ ಸಂಸ್ಥೆ ತಲಾ ವಿದ್ಯುತ್ ಬಳಕೆಯನ್ನು ಗುರಿಯಾಗಿಟ್ಟುಕೊಂಡು ತನ್ನ ಕ್ಯಾಂಪಸ್‌ಗಳನ್ನು ಬೇರೆ ಬಗೆಯಲ್ಲಿ ಕಟ್ಟತೊಡಗಿತು. ಉದ್ದನೆಯ ಬದಿ ಉತ್ತರ ಮತ್ತು ದಕ್ಷಿಣಕ್ಕೆ ಬರುವಂತೆ ಕಟ್ಟಡವನ್ನು ತಿರುಗಿಸುವುದು, ಗೋಡೆಯಲ್ಲಿ ಕಿಟಕಿಯ ಪಾಲನ್ನು ಮೂರನೆಯ ಒಂದು ಭಾಗಕ್ಕಿಂತ ಕೆಳಗಿಡುವುದು, ಬಿಸಿಲನ್ನು ತಡೆದು ಬೆಳಕನ್ನು ಮಾತ್ರ ಒಳಗಟ್ಟುವ ಚಾಚು ಇಡುವುದು ಹೀಗೆ ಕೆಲಸ ಯಂತ್ರದಿಂದ ಶುರುವಾಗದೆ ಗೋಡೆಯಿಂದ ಶುರುವಾಯಿತು. ಒಳಗೆ ಬರುವ ಶಾಖವೇ ಕಡಿಮೆಯಾದ ಮೇಲೆ ಸಣ್ಣ ಚಿಲ್ಲರ್ ಸಾಕಾಗುತ್ತದೆ. ಪಂಪು, ಕೇಬಲ್, ಜನರೇಟರ್ ಕೂಡ ಸಣ್ಣವಾಗುತ್ತವೆ. ಹಸಿರು ಕಟ್ಟಡ ದುಬಾರಿ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಗೋಡೆಗೆ ಹೆಚ್ಚು ಖರ್ಚಾದ ಹಣ ಯಂತ್ರದಲ್ಲಿ ಉಳಿಯುತ್ತದೆ.

ಈ ಪರಂಪರೆಯ ಅತ್ಯುತ್ತಮ ಪ್ರಯೋಗ ನಡೆದದ್ದು ಹೈದರಾಬಾದ್ ಬಳಿ ಇನ್ಫೊಸಿಸ್‌ನ ಪೋಚಾರಂ ಕ್ಯಾಂಪಸ್‌ನಲ್ಲಿ. ಒಂದೇ ಕಟ್ಟಡದ ಎರಡು ಸಮಾನ ಭಾಗಗಳಲ್ಲಿ ಒಂದಕ್ಕೆ ತಣ್ಣನೆಯ ಗಾಳಿ ಹಾಯಿಸುವ ರೂಢಿಯ, ಆದರೆ ಚೆನ್ನಾಗಿ ಸುಧಾರಿಸಿದ, ಹವಾನಿಯಂತ್ರಣ ಅಳವಡಿಸಿದರು. ಇನ್ನೊಂದರಲ್ಲಿ ಕಾಂಕ್ರೀಟ್ ಚಪ್ಪಡಿಯೊಳಗೆ ಪೈಪು ಹುದುಗಿಸಿ ತಣ್ಣೀರು ಹರಿಸಿದರು. ನೀರು ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹೊರುತ್ತದೆ. ಹೀಗಾಗಿ ದೊಡ್ಡ ಫ್ಯಾನುಗಳ ಕೆಲಸವನ್ನು ಸಣ್ಣ ಪಂಪು ಮಾಡುತ್ತದೆ. ನೀರನ್ನು ಅಷ್ಟು ತಣ್ಣಗೆ ಮಾಡಬೇಕಾಗಿಯೂ ಇಲ್ಲದ್ದರಿಂದ ಚಿಲ್ಲರ್‌ನ ಶ್ರಮವೂ ಇಳಿಯುತ್ತದೆ. ತೇವದ ಹವೆಯಲ್ಲಿ ಚಾವಣಿ ಬೆವರುತ್ತದೆ ಎಂಬ ಅಳುಕು ಅನೇಕ ಎಂಜಿನಿಯರುಗಳಿಗಿತ್ತು. ಒಳಬರುವ ಹೊಸ ಗಾಳಿಯ ತೇವವನ್ನು ಮೊದಲೇ ತೆಗೆದು ಆ ತೊಡಕನ್ನು ನಿವಾರಿಸಿದರು. ಅಳತೆಯ ಫಲಿತಾಂಶ 2014ರಲ್ಲಿ ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಪ್ಪಡಿ ತಂಪಿನ ಭಾಗ ಹವಾನಿಯಂತ್ರಣಕ್ಕೆ ಶೇ 34ರಷ್ಟು ಕಡಿಮೆ ವಿದ್ಯುತ್ ಬಳಸಿತ್ತು, ಆರಂಭಿಕ ವೆಚ್ಚವೂ ಹೆಚ್ಚಾಗಿರಲಿಲ್ಲ. ಒಂದೇ ಬಿಸಿಲು, ಒಂದೇ ಬಗೆಯ ಕೆಲಸ, ಎರಡು ಮೀಟರ್. ಕಂಪನಿಯೊಂದು ತನ್ನ ಹಣದಲ್ಲಿ ಇಂಥ ಪ್ರಯೋಗ ನಡೆಸಿ ಫಲಿತಾಂಶವನ್ನು ಎಲ್ಲರಿಗೂ ತೆರೆದಿಟ್ಟದ್ದು ನಮ್ಮ ಪೀಳಿಗೆಯ ಬಹುದೊಡ್ಡ ಸಾಧನೆಗಳಲ್ಲಿ ಒಂದು.

ಅದೇ ಸಂಸ್ಥೆಯ ಒಟ್ಟು ಲೆಕ್ಕವನ್ನೂ ನೋಡಬೇಕು. 2008ರಿಂದ 2020ರವರೆಗೆ ಅದರ ತಲಾ ವಿದ್ಯುತ್ ಬಳಕೆ ಸುಮಾರು ಶೇ 55ರಷ್ಟು ಇಳಿಯಿತು. ಆ ಅವಧಿಯಲ್ಲಿ ನೌಕರರ ಸಂಖ್ಯೆ ಸುಮಾರು 91 ಸಾವಿರದಿಂದ 2.42 ಲಕ್ಷಕ್ಕೆ ಏರಿತು, ಒಟ್ಟು ಬಳಕೆ ಏರಿದ್ದು ಶೇ 20ರಷ್ಟು ಮಾತ್ರ. ಇದು ಅಪರೂಪದ ಸಾಧನೆ. ಆದರೂ ಒಟ್ಟು ಹೊರೆ ಏರಿದೆ, ಇಳಿದಿಲ್ಲ. 2020ರಲ್ಲಿ ಸಂಸ್ಥೆ ಇಂಗಾಲ ತಟಸ್ಥವಾಯಿತು ಎಂಬ ಸುದ್ದಿಗೆ ಸಿಕ್ಕ ಪ್ರಚಾರ ಈ ಅಂಕಿಗಳಿಗೆ ಸಿಗಲಿಲ್ಲ. ತಟಸ್ಥತೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ: ಕಟ್ಟಡದಲ್ಲಿ ಉಳಿಸಿದ್ದು, ಸೌರ ಮತ್ತು ಪವನ ವಿದ್ಯುತ್ತಿಗೆ ಬದಲಾಯಿಸಿಕೊಂಡದ್ದು, ಉಳಿದದ್ದಕ್ಕೆ ಹಳ್ಳಿಮನೆಗಳಿಗೆ ಗೋಬರ್ ಗ್ಯಾಸ್ ಘಟಕ, ಸುಧಾರಿತ ಒಲೆ ಮುಂತಾದವನ್ನು ಕೊಟ್ಟು ಸರಿದೂಗಿಸಿದ್ದು. ಮೂರನೆಯದರಿಂದ ಹೊಗೆಯಿಲ್ಲದ ಅಡುಗೆಮನೆ ಸಿಗುವ ಹೆಣ್ಣುಮಕ್ಕಳಿಗೆ ಆಗುವ ಉಪಕಾರ ನಿಜವಾದದ್ದೇ. ಆದರೆ ಅದನ್ನು ಕಟ್ಟಡದ ದಕ್ಷತೆಯ ಖಾತೆಗೆ ಸೇರಿಸುವುದು ಸರಿಯಲ್ಲ. ಎರಡನೆಯದರಲ್ಲೂ ಒಂದು ಸೂಕ್ಷ್ಮವಿದೆ. ಐಟಿ ಕಚೇರಿಗಳು ಅಮೆರಿಕದ ಗ್ರಾಹಕರಿಗಾಗಿ ರಾತ್ರಿಯೂ ನಡೆಯುತ್ತವೆ, ಸೌರ ವಿದ್ಯುತ್ತು ಹಗಲು ಬರುತ್ತದೆ. ಹಗಲಿನ ಯೂನಿಟ್ಟುಗಳನ್ನು ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಬಳಿ 'ಬ್ಯಾಂಕಿಂಗ್' ಮಾಡಿ ಆಮೇಲೆ ಪಡೆಯುವ ಸೌಲಭ್ಯ ಕಾಗದದಲ್ಲಿ ಲೆಕ್ಕ ಸರಿಮಾಡುತ್ತದೆ. ರಾತ್ರಿ ಹರಿಯುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಇದ್ದೇ ಇರುತ್ತದೆ. ಆದ್ದರಿಂದ ಬಳಸದೆ ಉಳಿದ ಯೂನಿಟ್ಟಿಗೆ ಸಮನಾದ ಹಸಿರು ಯೂನಿಟ್ ಬೇರೊಂದಿಲ್ಲ.

ಸ್ವಂತ ಜಮೀನು, ಸ್ವಂತ ಕ್ಯಾಂಪಸ್ ಇರುವ ಶ್ರೀಮಂತ ಕಂಪನಿಗೆ ಇದೆಲ್ಲ ಸಾಧ್ಯ, ಬಾಡಿಗೆ ಮಹಡಿಯಲ್ಲಿರುವವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಟೆಕ್ ಪಾರ್ಕ್‌ನಲ್ಲಿ ಚಿಲ್ಲರ್ ಕೊಳ್ಳುವವನು ಮಾಲೀಕ, ಬಿಲ್ ಕಟ್ಟುವವನು ಬಾಡಿಗೆದಾರ. ಅಗ್ಗದ ಯಂತ್ರ ಕೊಂಡವನಿಗೆ ಲಾಭ, ಅದನ್ನು ಓಡಿಸುವವನಿಗೆ ನಷ್ಟ. ಆದರೆ ನೂರಾರು ಕೋಟಿಯ ಬಾಡಿಗೆ ಕರಾರು ಮಾಡುವ ಕಂಪನಿಗೆ ಕಳೆದ ಮೂರು ವರ್ಷಗಳ ಬಳಕೆಯನ್ನು ಚದರ ಮೀಟರ್ ಲೆಕ್ಕದಲ್ಲಿ ತೋರಿಸಿ ಎಂದು ಕೇಳುವ ಶಕ್ತಿ ಇದ್ದೇ ಇದೆ. ತಾಪಮಾನವನ್ನು 24 ಡಿಗ್ರಿಗೆ ಏರಿಸಲು ಮಾಲೀಕನ ಅನುಮತಿಯೂ ಬೇಡ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ರೂಪುಗೊಂಡ ದೇಹಸುಖದ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸೇರಿದೆ. ಭಾರತೀಯರು ಪಾಶ್ಚಾತ್ಯ ಮಾನದಂಡಕ್ಕಿಂತ ಹೆಚ್ಚಿನ ತಾಪಮಾನದಲ್ಲೂ ನೆಮ್ಮದಿಯಿಂದ ಕೆಲಸ ಮಾಡುತ್ತಾರೆ ಎಂದು ಅದು ತೋರಿಸಿಕೊಟ್ಟಿದೆ. ಹಾಗಿದ್ದರೂ ಕಚೇರಿಯಲ್ಲಿ ಸ್ವೆಟರ್ ಹಾಕಿ ಕೂರುವ ಪರಿಸ್ಥಿತಿ ಮುಂದುವರಿದಿರುವುದು ಅಭ್ಯಾಸಬಲದಿಂದಷ್ಟೆ.

ಈ ಕ್ಷೇತ್ರ ಇನ್ನೂ ಸರಿಯಾಗಿ ಮುಟ್ಟದ ವಿಷಯಗಳಲ್ಲಿ ಮೊದಲನೆಯದು ನೀರು. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲಕ್ಕೆ ಪಂಪಾಗಿ. ಆದ್ದರಿಂದ ಇಲ್ಲಿ ನೀರಿನ ಲೆಕ್ಕ ವಿದ್ಯುತ್ತಿನ ಲೆಕ್ಕವೂ ಹೌದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರ್ ನೀರನ್ನು ನೆಚ್ಚಿಕೊಂಡ ಟೆಕ್ ಪಾರ್ಕ್‌ಗಳ ಸ್ಥಿತಿ ಬಯಲಾಯಿತು. ಎರಡನೆಯದು ನೌಕರರ ಓಡಾಟ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬರುವವರೆಗೂ ಎಲೆಕ್ಟ್ರಾನಿಕ್ಸ್ ಸಿಟಿಯ ಹಸಿರು ಕಟ್ಟಡಗಳಿಗೆ ಜನ ರಸ್ತೆಯಲ್ಲೇ ಬರಬೇಕಿತ್ತು. ಆ ವಾಹನಗಳ ಹೊಗೆ ಫಲಕ ಸಿಗುವುದಕ್ಕೆ ಅಡ್ಡಿಯಾಗಲಿಲ್ಲ. ಮೂರನೆಯದು ಸಿಮೆಂಟು, ಉಕ್ಕಿನಲ್ಲಿ ಅಡಗಿದ ಇಂಗಾಲ. ಅಸ್ತ್ರ ಕೇಂದ್ರ ಅರ್ಧ ಶತಮಾನದ ಹಿಂದೆ ಕೈಗೆತ್ತಿಕೊಂಡ ಈ ವಿಷಯ 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ನಂತರ ಮತ್ತೆ ಮುನ್ನೆಲೆಗೆ ಬರುತ್ತಿದೆ. ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ. ಚಿಲ್ಲರ್ ಪ್ಲಾಂಟ್ ಮತ್ತು ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ನಡೆಸುವ ತಂತ್ರಜ್ಞರು ಬಹುತೇಕ ಗುತ್ತಿಗೆ ನೌಕರರು. ಗುತ್ತಿಗೆ ಬದಲಾದಾಗ ಕಟ್ಟಡದ ಬಗ್ಗೆ ಅವರು ಕಲಿತದ್ದೂ ಅವರೊಂದಿಗೇ ಹೊರಡುತ್ತದೆ. ಅತ್ಯುತ್ತಮ ವಿನ್ಯಾಸವನ್ನೂ ಉಳಿಸುವವರು, ಕೆಡಿಸುವವರು ಅವರೇ ಆಗಿರುವಾಗ ಅವರ ತರಬೇತಿಗೆ, ಸಂಬಳಕ್ಕೆ ಖರ್ಚು ಮಾಡುವುದು ಅತಿ ಅಗ್ಗದ ಪರಿಸರ ಯೋಜನೆ.

ಸೆಬಿಯ ವರದಿಯಲ್ಲಿ ಕಂಪನಿಗಳು ಒಟ್ಟು ಇಂಧನವನ್ನೂ, ವಹಿವಾಟಿನ ರೂಪಾಯಿಗೆ ಎಷ್ಟು ಇಂಧನ ಎಂಬುದನ್ನೂ ತೋರಿಸುತ್ತವೆ. ಡಾಲರ್ ಬೆಲೆ ಏರಿ ವಹಿವಾಟು ಹಿಗ್ಗಿದರೆ ಒಂದು ದೀಪ ಆರಿಸದೆಯೂ ಆ ಅಂಕಿ ಸುಧಾರಿಸುತ್ತದೆ. ನ್ಯೂಯಾರ್ಕ್ ನಗರ 2009ರಲ್ಲೇ ಕಾನೂನು ಮಾಡಿ, ದೊಡ್ಡ ಕಟ್ಟಡಗಳು ಪ್ರತಿವರ್ಷ ತಮ್ಮ ವಿದ್ಯುತ್ತು, ನೀರಿನ ಬಳಕೆಯನ್ನು ಸಲ್ಲಿಸಬೇಕೆಂದು ಹೇಳಿತು. ಆ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನಲ್ಲಿ ಪ್ರತಿ ಕಟ್ಟಡಕ್ಕೂ ಬೆಸ್ಕಾಂ ಮೀಟರ್ ಈಗಾಗಲೇ ಇದೆ. ಹೊಸ ತಂತ್ರಜ್ಞಾನ ಬೇಕಿಲ್ಲ, ಹೊಸ ಪ್ರಮಾಣಪತ್ರವೂ ಬೇಕಿಲ್ಲ. 20,000 ಚದರ ಮೀಟರ್ ಮೀರಿದ ಕಟ್ಟಡಗಳು ಕಟ್ಟುವ ಮೊದಲು ಪರಿಸರ ಅನುಮತಿ ಪಡೆಯಲೇಬೇಕು. ಅವು ಬಳಕೆಗೆ ಬಂದ ಮೇಲೆ ಪ್ರತಿವರ್ಷ ಚದರ ಮೀಟರಿಗೆ ಎಷ್ಟು ಯೂನಿಟ್, ತಲೆಗೆ ಎಷ್ಟು ಲೀಟರ್ ಎಂಬ ಎರಡು ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವಂತೆ ರಾಜ್ಯ ಸರ್ಕಾರ ನಿಯಮ ತರಬೇಕು. ಕಂಪನಿಗಳು ಆ ನಿಯಮಕ್ಕೆ ಕಾಯದೆ ಈ ವರ್ಷದ ವರದಿಯಲ್ಲೇ ಇದನ್ನು ಆರಂಭಿಸಲಿ.