ಕಿತ್ತೂರಿನ ಎಕ್ಸ್‌ಚೇಂಜು ಮತ್ತು ಯಂತ್ರಗಳ ಭಾಷೆ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಹಿರಿಯರನ್ನು ಕೇಳಿ ನೋಡಿ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದ ಕತೆ ಒಂದಾದರೂ ಸಿಕ್ಕೇ ಸಿಗುತ್ತೆ. ಆಮೇಲೆ ಊರೂರಿಗೆ ಎಸ್‌ಟಿಡಿ ಬೂತ್ ಬಂತು, ಕಾಯೋದು ತಪ್ಪಿತು. ಈ ಬದಲಾವಣೆ ಅಂದ ಕೂಡಲೆ ಎಲ್ಲರೂ ರಾಜೀವ್ ಗಾಂಧಿ, ಸ್ಯಾಮ್ ಪಿತ್ರೋಡಾ ಹೆಸರು ಹೇಳ್ತಾರೆ. ಅದರ ಹಿಂದೆ ಇದ್ದ ಒಂದು ತಾಂತ್ರಿಕ ತಲೆನೋವಿನ ಬಗ್ಗೆ ಮಾತ್ರ ಯಾರೂ ಹೆಚ್ಚು ಬರೆದಿಲ್ಲ. ಬೇರೆ ಬೇರೆಯವರು ಮಾಡಿದ ಯಂತ್ರಗಳು ಒಂದರ ಮಾತನ್ನು ಇನ್ನೊಂದು ಅರ್ಥ ಮಾಡಿಕೊಳ್ಳುತ್ತವೆಯೇ?

ಪಿರಿಯಾಪಟ್ಟಣದ ಹಳ್ಳಿಯೊಂದರ ತಂಬಾಕು ಬೆಳೆಗಾರ ಬೆಂಗಳೂರಿಗೆ ಫೋನ್ ಮಾಡ್ತಾನೆ ಅಂದುಕೊಳ್ಳಿ. ಆ ಕರೆ ದಾರಿಯಲ್ಲಿ ಹಲವು ಎಕ್ಸ್‌ಚೇಂಜ್ ದಾಟಬೇಕು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಮೊದಲು ಮಾಡಿದ್ದು ಬ್ರಿಟಿಷ್ ತಂತ್ರದ ಸ್ಟ್ರೋಜರ್ ಎಕ್ಸ್‌ಚೇಂಜ್. ಇದರಲ್ಲಿ 5 ತಿರುಗಿಸಿದರೆ ತಂತಿಯಲ್ಲಿ ಐದು ಸಲ ಕರೆಂಟು ಕಡಿಯುತ್ತೆ, ಸೊನ್ನೆಗೆ ಹತ್ತು ಸಲ. ಒಂದೊಂದು ಏಟಿಗೂ ಒಳಗಿನ ಸ್ವಿಚ್ಚು ಒಂದೊಂದು ಮೆಟ್ಟಿಲು ಮುಂದೆ ಹೋಗುತ್ತೆ. 1960ರ ದಶಕದಲ್ಲಿ ಬೆಲ್ಜಿಯಂ ತಂತ್ರದ ಕ್ರಾಸ್‌ಬಾರ್ ಬಂತು. ಅದು ಪೂರ್ತಿ ನಂಬರನ್ನು ಮೊದಲು ಕೇಳಿಸಿಕೊಂಡು, ಮುಂದಿನ ಎಕ್ಸ್‌ಚೇಂಜಿಗೆ ಅಂಕಿಗೆ ಎರಡು ಸ್ವರ ಸೇರಿಸಿ ಹೇಳುತ್ತೆ. ಮಾಡಿದ ಕಾರ್ಖಾನೆ ಒಂದೇ, ಭಾಷೆ ಎರಡು!

ಇವುಗಳ ನಡುವೆ ಮೂರನೆಯವನಾಗಿ ಬಂದಿದ್ದು ಸಿ-ಡಾಟ್. 1984ರ ಆಗಸ್ಟ್‌ನಲ್ಲಿ ಹುಟ್ಟಿದ ಈ ಸಂಸ್ಥೆ ಹಳ್ಳಿಗಾಗಿಯೇ 128 ಪೋರ್ಟಿನ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿತು. ಎಸಿ ರೂಮು ಬೇಕಿರಲಿಲ್ಲ. ಅದು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮದೇ ರಾಜ್ಯದಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ.

ಒಳಗೆ ಅದು ಪೂರಾ ಹೊಸಬ. ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿ ಮಾಡುತ್ತೆ. ಆದರೆ ಊರಾಚೆ ಎಲ್ಲ ಹಳಬರು! ಸ್ಟ್ರೋಜರ್ ಸಿಕ್ಕರೆ ಏಟಿನ ಭಾಷೆ, ಕ್ರಾಸ್‌ಬಾರ್ ಸಿಕ್ಕರೆ ಸ್ವರದ ಭಾಷೆ ಆಡಬೇಕು. ನಂಬರ್ ಮುಟ್ಟಿಸಿದರೆ ಮುಗಿಯಲಿಲ್ಲ. ಆ ಕಡೆಯವರು ಫೋನ್ ಎತ್ತಿದ್ದು, ಇಟ್ಟಿದ್ದು ಕೂಡ ಗೊತ್ತಾಗಬೇಕು. ಇಟ್ಟಿದ್ದು ಗೊತ್ತಾಗದಿದ್ದರೆ ಲೈನು ಖಾಲಿಯಾಗಲ್ಲ, ಬಿಲ್ಲು ಓಡುತ್ತಲೇ ಇರುತ್ತೆ. ಧೂಳು, ಉದ್ದದ ತಂತಿ, ಕರೆಂಟು ಕೈಕೊಡುವ ಊರಿನಲ್ಲಿ ಇದೆಲ್ಲ ನಡೆಯುತ್ತಾ ಅಂತ ದೆಹಲಿಯ ಪ್ರಯೋಗಾಲಯದಲ್ಲಿ ಕೂತು ಹೇಳೋಕಾಗಲ್ಲ.

ತಮಾಷೆ ಅಂದರೆ ಅದೇ 1986ರಲ್ಲಿ ಅಮೆರಿಕದಲ್ಲೂ ಇದೇ ಚಿಂತೆ. ಇಂಟರ್ನೆಟ್ ಉಪಕರಣ ಮಾಡುವ ಕಂಪನಿಗಳನ್ನು ಡ್ಯಾನ್ ಲಿಂಚ್ ಎಂಬಾತ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಟ್ಟಿಗೆ ಕೂರಿಸಿದ. ಮುಂದೆ ಅದೇ 'ಇಂಟರಾಪ್' ಎಂಬ ಮೇಳವಾಯಿತು. ಅಲ್ಲಿ ಎಲ್ಲರ ಉಪಕರಣವನ್ನೂ ಒಂದೇ ಜಾಲಕ್ಕೆ ಸಿಕ್ಕಿಸಿ, ಗಿರಾಕಿಗಳ ಕಣ್ಣೆದುರೇ ಓಡಿಸುತ್ತಿದ್ದರು. ಇಂಥ ಪರೀಕ್ಷೆಗಳ ಹಳೆಯ ನಿಯಮಗಳನ್ನು ಜಾನ್ ಪೋಸ್ಟೆಲ್ 1987ರಲ್ಲಿ ಬರೆದಿಟ್ಟಿದ್ದಾರೆ. ನಿಮ್ಮ ಯಂತ್ರ ತನ್ನ ಜೊತೆ ತಾನೇ ಮಾತಾಡಿದರೆ 1 ಅಂಕ, ಬೇರೆಯವರ ಯಂತ್ರದ ಜೊತೆ ಮಾತಾಡಿದರೆ 2, ಒಂದೇ ಸಲ ಹಲವರ ಜೊತೆ ಮಾತಾಡಿದರೆ ಇನ್ನೂ ಹೆಚ್ಚು :-) ಕಾಗದದ ಮೇಲಿನ ನಿಯಮ ಓದಿಕೊಂಡು ಮಾಡಿದ್ದರೂ ಎದುರುಬದುರು ಕೂರಿಸದೆ ನಂಬುವ ಹಾಗಿರಲಿಲ್ಲ.

ಇದರಿಂದ ನಮಗೇನು ಅಂತೀರಾ? ಹೊಸ ಯಂತ್ರ ಹಳೆಯದರ ಜೊತೆ ಮಾತಾಡದಿದ್ದರೆ ಎರಡೇ ದಾರಿ. ಹಳೆಯದನ್ನೆಲ್ಲ ಕಿತ್ತು ಬಿಸಾಕಬೇಕು, ಇಲ್ಲವೇ ಮೊದಲು ಮಾರಿದ ಕಂಪನಿಯ ಹತ್ತಿರವೇ, ಅವರು ಹೇಳಿದ ಬೆಲೆಗೆ, ಕೊಳ್ಳುತ್ತಲೇ ಇರಬೇಕು. ಎರಡಕ್ಕೂ ಆಗ ನಮ್ಮಲ್ಲಿ ದುಡ್ಡಿರಲಿಲ್ಲ. ಸಿ-ಡಾಟ್ ತನ್ನ ವಿನ್ಯಾಸವನ್ನು ಹಲವು ಕಾರ್ಖಾನೆಗಳಿಗೆ ಕೊಟ್ಟಿತು. ಹಳೆ ಜಾಲಕ್ಕೆ ಅದು ಹೊಂದಿಕೊಂಡಿದ್ದರಿಂದಲೇ ಹಳ್ಳಿಗಳ ಸರದಿ ಬೇಗ ಬಂತು.

ಈ ಪರೀಕ್ಷೆ ಇನ್ನೂ ಮುಗಿದಿಲ್ಲ. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯಲ್ಲಿ ನಡುವಿನ ಕೋರ್ ಸಿ-ಡಾಟ್‌ನದು, ಟವರಿನ ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಎರಡನ್ನೂ ಹೊಂದಿಸಿದ್ದು ಟಿಸಿಎಸ್. ಎಚ್.ಡಿ.ಕೋಟೆಯ ಕಾಡಂಚಿನ ಹಾಡಿಯಿಂದ ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರೆ, ಅದು ಹೋಗಿ ಮುಟ್ಟುವುದು ಇಂಥ ಯಂತ್ರಗಳು ಹೊಂದಿಕೊಂಡು ನಡೆದರೆ ಮಾತ್ರ.

ಕಿತ್ತೂರಿನಲ್ಲಿ ಕೋಟೆ ನೋಡೋಕೆ ಹೋದವರು ಈ ಎಕ್ಸ್‌ಚೇಂಜನ್ನೂ ಒಮ್ಮೆ ನೆನೆಸಿಕೊಳ್ಳಿ. ನಿಮ್ಮೂರಿಗೆ ನೇರ ಡಯಲ್ ಯಾವಾಗ ಬಂತು? ಮನೆಯ ಹಿರಿಯರನ್ನು ಕೇಳಿ, ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಅದೂ ಇತಿಹಾಸವೇ ಅಲ್ಲವೇ?