ಗೋಪುರದಿಂದ ಗೋಪುರಕ್ಕೆ: ಮೊಬೈಲ್ ಕರೆಯ ಪಯಣ

ಬೆಂಗಳೂರಿನಲ್ಲಿ ಮೈಸೂರು ರೈಲು ಹತ್ತಿ ಮೊಬೈಲ್‌ನಲ್ಲಿ ಮಾತಿಗೆ ತೊಡಗಿದ ಪ್ರಯಾಣಿಕ, ರಾಮನಗರದ ಬಂಡೆಗಳು ಹಿಂದೆ ಸರಿದ ಮೇಲೂ ಅದೇ ಮಾತನ್ನು ಮುಂದುವರಿಸಬಲ್ಲ. ಅಷ್ಟರಲ್ಲಿ ಅವನ ಕರೆ ಹಲವು ಗೋಪುರಗಳ ಕೈ ದಾಟಿರುತ್ತದೆ. ಈ ಕೈಬದಲಾವಣೆಯನ್ನು ದೂರಸಂಪರ್ಕ ತಂತ್ರಜ್ಞರು ‘ಹ್ಯಾಂಡೋವರ್’ ಎನ್ನುತ್ತಾರೆ. ಅದು ಸುಸೂತ್ರವಾಗಿ ನಡೆದರೆ ಯಾರ ಗಮನಕ್ಕೂ ಬಾರದು. ಎಡವಿದರೆ ಕರೆಯೇ ಕಡಿದುಹೋಗುತ್ತದೆ.

ಜೇನುಗೂಡಿನ ನಕ್ಷೆ

ಇಡೀ ನಗರಕ್ಕೆ ಒಂದೇ ಎತ್ತರದ ಗೋಪುರವಿದ್ದರೆ, ಲಭ್ಯವಿರುವ ತರಂಗಾಂತರಗಳಲ್ಲಿ ಏಕಕಾಲಕ್ಕೆ ಕೆಲವೇ ಜನ ಮಾತನಾಡಬಹುದು. ಇದಕ್ಕೆ 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಪರಿಹಾರವೊಂದು ಹೊಳೆಯಿತು. ಪ್ರದೇಶವನ್ನು ಸಣ್ಣ ಸಣ್ಣ ಕೋಶಗಳಾಗಿ, ಅಂದರೆ ‘ಸೆಲ್’ಗಳಾಗಿ ವಿಂಗಡಿಸಿ, ಒಂದು ಕೋಶದ ತರಂಗಾಂತರವನ್ನೇ ದೂರದ ಮತ್ತೊಂದು ಕೋಶದಲ್ಲಿ ಮರಳಿ ಬಳಸುವುದೇ ಆ ಉಪಾಯ. ಸೆಲ್ ಫೋನ್ ಎಂಬ ಹೆಸರು ಬಂದದ್ದು ಇದರಿಂದಲೇ. ಕಾಗದದ ಮೇಲೆ ಕೋಶಗಳು ಜೇನುಗೂಡಿನ ಷಟ್ಕೋನಗಳಂತೆ ಕಂಡರೂ, ನೆಲದ ಮೇಲೆ ಕಟ್ಟಡ, ಮರ, ಗುಡ್ಡಗಳಿಂದಾಗಿ ಅವುಗಳ ಗಡಿ ಅಂಕುಡೊಂಕಾಗಿರುತ್ತದೆ.

ಬಿಡುವಿನಲ್ಲಿ ಆಲಿಸುವ ಫೋನ್

ಎರಡನೇ ತಲೆಮಾರಿನ ಜಿಎಸ್‌ಎಂ ವ್ಯವಸ್ಥೆಯಲ್ಲಿ ಪ್ರತಿ ತರಂಗವಾಹಕವನ್ನು ಕಾಲದ 8 ತುಣುಕುಗಳಾಗಿ ಹಂಚಲಾಗುತ್ತದೆ. ಫೋನ್ ಒಂದು ತುಣುಕಿನಲ್ಲಿ ಮಾತು ಕಳುಹಿಸಿ, ಇನ್ನೊಂದರಲ್ಲಿ ಸ್ವೀಕರಿಸುತ್ತದೆ. ಉಳಿದ ಬಿಡುವಿನಲ್ಲಿ ಅದು ನೆರೆಯ ಗೋಪುರಗಳ ಸಂಕೇತಗಳನ್ನು ಆಲಿಸಿ ಬಲವನ್ನು ಅಳೆಯುತ್ತದೆ. ಅತಿ ಪ್ರಬಲವಾದ 6 ನೆರೆಕೋಶಗಳ ವರದಿ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಜಾಲಕ್ಕೆ ತಲುಪುತ್ತದೆ.

ತೀರ್ಮಾನ ಮಾತ್ರ ಜಾಲದ್ದು. ಅದು ಮೊದಲು ಹೊಸ ಕೋಶದಲ್ಲಿ ಜಾಗ ಕಾಯ್ದಿರಿಸಿ, ಬಳಿಕ ಹಳೆಯ ಗೋಪುರದ ಮೂಲಕವೇ ಫೋನಿಗೆ ಆದೇಶ ಕಳುಹಿಸುತ್ತದೆ. ನೆರೆಯ ಸಂಕೇತ ತುಸು ಹೆಚ್ಚಾದೊಡನೆ ಈ ಬದಲಾವಣೆ ನಡೆಯುವುದಿಲ್ಲ. ಹಾಗೆ ನಡೆದರೆ ಗಡಿಯಲ್ಲಿ ನಿಂತ ಫೋನ್ ಎರಡು ಗೋಪುರಗಳ ನಡುವೆ ಚೆಂಡಿನಂತೆ ಪುಟಿಯುತ್ತಿರುತ್ತದೆ. ಆದ್ದರಿಂದ ನಿಗದಿತ ಅಂತರದಷ್ಟು ಮೇಲುಗೈ ಕೆಲಕಾಲ ಉಳಿಯಬೇಕೆಂಬ ನಿಯಮವಿದೆ.

ಗೋಪುರದ ದೂರವೂ ಲೆಕ್ಕಕ್ಕೆ ಬರುತ್ತದೆ. ದೂರದ ಫೋನಿನ ಸಂಕೇತ ತಡವಾಗಿ ತಲುಪಿ ಮುಂದಿನವನ ತುಣುಕಿಗೆ ನುಗ್ಗದಿರಲೆಂದು, ಅದಕ್ಕೆ ತುಸು ಮೊದಲೇ ಕಳುಹಿಸುವಂತೆ ಸೂಚಿಸಲಾಗುತ್ತದೆ. ಈ ಹೊಂದಾಣಿಕೆಯ ಮಿತಿಯಿಂದಾಗಿ ಸಾಮಾನ್ಯ ಜಿಎಸ್‌ಎಂ ಕೋಶದ ವ್ಯಾಪ್ತಿ ಸುಮಾರು 35 ಕಿ.ಮೀ. ಮೀರದು.

ಹಿಡಿದು ಬಿಡುವುದು, ಬಿಟ್ಟು ಹಿಡಿಯುವುದು

ಜಿಎಸ್‌ಎಂ ಫೋನ್ ಹಳೆಯ ಕೊಂಡಿ ಕಳಚಿ ಹೊಸದನ್ನು ಹಿಡಿಯುತ್ತದೆ. ಸಿಡಿಎಂಎ ಮತ್ತು 3ಜಿ ಜಾಲಗಳಲ್ಲಿ ನೆರೆಕೋಶಗಳೆಲ್ಲ ಒಂದೇ ತರಂಗಾಂತರವನ್ನು ಬಳಸಬಲ್ಲವು. ಹೀಗಾಗಿ ಅಲ್ಲಿನ ಫೋನ್ ಎರಡು ಮೂರು ಗೋಪುರಗಳ ಸಂಕೇತವನ್ನು ಒಟ್ಟಿಗೆ ಸ್ವೀಕರಿಸಿ ಬೆರೆಸಿಕೊಂಡು, ಹೊಸದು ಗಟ್ಟಿಯಾದ ಮೇಲೆ ಹಳೆಯದನ್ನು ಬಿಡುತ್ತದೆ. 4ಜಿ ಮತ್ತೆ ಬಿಟ್ಟು ಹಿಡಿಯುವ ಮಾರ್ಗಕ್ಕೆ ಮರಳಿತು. ಆದರೆ ಅಲ್ಲಿ ತೀರ್ಮಾನ ಗೋಪುರದ ಉಪಕರಣದ್ದೇ, ನೆರೆಯ ಗೋಪುರಗಳು ನೇರವಾಗಿ ಪರಸ್ಪರ ಮಾತನಾಡಿಕೊಳ್ಳುತ್ತವೆ. ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಚಾಲನೆ ಪಡೆದ 5ಜಿಯ ಒಂದು ವಿಧಾನದಲ್ಲಿ ಫೋನ್ 4ಜಿ ಮತ್ತು 5ಜಿ ಕೊಂಡಿಗಳೆರಡನ್ನೂ ಏಕಕಾಲಕ್ಕೆ ಹಿಡಿದಿರುತ್ತದೆ.

ಕರೆ ಕಡಿದಾಗ

ಹೊಸ ಕೋಶದಲ್ಲಿ ಜಾಗವಿಲ್ಲದಿದ್ದರೆ, ನೆರೆಕೋಶಗಳ ಪಟ್ಟಿಯಲ್ಲಿ ಲೋಪವಿದ್ದರೆ, ಇಲ್ಲವೇ ಕಟ್ಟಡದ ಮರೆಗೆ ಸರಿದು ಸಂಕೇತ ಥಟ್ಟನೆ ಕುಸಿದರೆ ಕರೆ ತುಂಡಾಗುತ್ತದೆ. ಗ್ರಾಹಕರ ದೂರು ಹೆಚ್ಚಿದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2015ರ ಅಕ್ಟೋಬರ್‌ನಲ್ಲಿ, ಕಡಿದ ಪ್ರತಿ ಕರೆಗೆ 1 ರೂಪಾಯಿಯಂತೆ ದಿನಕ್ಕೆ ಗರಿಷ್ಠ 3 ಕರೆಗಳಿಗೆ ಪರಿಹಾರ ನೀಡಬೇಕೆಂದು ಕಂಪನಿಗಳಿಗೆ ಆದೇಶಿಸಿತು. ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. ಗ್ರಾಹಕನ ಕೈಗೆ ಬರಬೇಕಿದ್ದ ರೂಪಾಯಿ ಹೀಗೆ ತಪ್ಪಿಹೋಯಿತು.

ಗ್ರಾಹಕನ ಪಾಲಿಗೆ ಉಳಿದಿರುವ ದಾರಿ ಸರಳ: ಮಾತು ತುಂಡಾಗತೊಡಗಿದರೆ ಲಿಫ್ಟ್, ನೆಲಮಾಳಿಗೆಗಳಿಂದ ಹೊರಬಂದು ಕಿಟಕಿಯ ಬಳಿಗೆ ಸರಿಯುವುದು. ಬಲಹೀನ ಸಂಕೇತವಿರುವೆಡೆ ಫೋನ್ ಗೋಪುರವನ್ನು ಮುಟ್ಟಲು ಹೆಚ್ಚು ಶಕ್ತಿ ವ್ಯಯಿಸುವುದರಿಂದ, ಬ್ಯಾಟರಿಯೂ ಬೇಗನೆ ಬರಿದಾಗುತ್ತದೆ.